ಭಾಗಾಹಾರದ ತಾಳೆ: ಮಾನ್ಯಖೇಟದ ಗಣಿತದಿಂದ ಗಡಿನಾಡಿನ ಲೆಕ್ಕದವರೆಗೆ

ಭಾಗಿಸಿ ಪಡೆದ ಉತ್ತರವನ್ನು ಗುಣಿಸಿ ನೋಡಿ ಒಪ್ಪಿಕೊಳ್ಳುವ ಕ್ರಮವನ್ನು ಕನ್ನಡದಲ್ಲಿ ತಾಳೆ ನೋಡುವುದು ಎನ್ನುತ್ತಾರೆ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ, ಶೇಷವಿದ್ದರೆ ಕೂಡಿಸಿದಾಗ ಭಾಜ್ಯವೇ ಮರಳಿ ಬರಬೇಕು. ಪ್ರಾಥಮಿಕ ಶಾಲೆಯ ಒಂದೆರಡು ಪಾಠಗಳಲ್ಲಿ ಮುಗಿದುಹೋಗುವ ಈ ನಿಯಮದ ಹಿಂದೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ರಾಷ್ಟ್ರಕೂಟರ ಕಾಲದ ಕನ್ನಡ ನಾಡಿಗೆ ಸೇರಿದ್ದರೆ, ಅದರ ನಿತ್ಯೋಪಯೋಗದ ಅಧ್ಯಾಯವೊಂದು ಹಲವು ನಾಣ್ಯ, ಹಲವು ತೂಕಗಳ ನಡುವೆ ಬದುಕಿದ ಗಡಿನಾಡಿನ ಕನ್ನಡಿಗರಿಗೆ ಸೇರಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಾಳೆಯೆಂಬುದು ಲೆಕ್ಕ ಮುಗಿದ ಮೇಲೆ ಸೇರಿಸುವ ಹೆಚ್ಚಿನ ಎಚ್ಚರಿಕೆ ಮಾತ್ರವಲ್ಲ; ಭಾಗಾಹಾರವೆಂದರೇನು ಎಂಬ ಪ್ರಶ್ನೆಗೆ ಅದೇ ಉತ್ತರ.

ವಿಲೋಮದ ತತ್ತ್ವ

ಕ್ರಿ.ಶ. 499ರ ಸುಮಾರಿಗೆ ರಚಿತವಾದ ಆರ್ಯಭಟೀಯದ ಗಣಿತಪಾದದಲ್ಲಿ ವಿಲೋಮಕ್ರಿಯೆಯ ನಿಯಮವಿದೆ. ಹಿಮ್ಮುಖವಾಗಿ ನಡೆಯುವಾಗ ಗುಣಕವು ಭಾಜಕವಾಗುತ್ತದೆ, ಭಾಜಕವು ಗುಣಕವಾಗುತ್ತದೆ. ಕೂಡಿಸಿದ್ದನ್ನು ಕಳೆಯಬೇಕು, ಕಳೆದದ್ದನ್ನು ಕೂಡಿಸಬೇಕು. ಕೊಟ್ಟ ಫಲದಿಂದ ಮೂಲಸಂಖ್ಯೆಯನ್ನು ಹುಡುಕುವುದಕ್ಕಾಗಿ ಹೇಳಿದ ನಿಯಮವಿದು. ಭಾಗಾಹಾರದ ತಾಳೆಯ ಬೀಜವೂ ಇಲ್ಲಿಯೇ ಇದೆ. ಭಾಗಲಬ್ಧದಿಂದ ಹೊರಟು ಭಾಜ್ಯದ ಕಡೆಗೆ ಹಿಂದಿರುಗಿ ನಡೆಯುವುದೇ ತಾಳೆ.

ಉತ್ತರವನ್ನು ಪರೀಕ್ಷಿಸಿ ತೋರಿಸುವುದು ಲೆಕ್ಕದ ಬರವಣಿಗೆಯ ಭಾಗವೇ ಆಗಿತ್ತೆಂಬುದಕ್ಕೆ ಬಖ್ಶಾಲಿ ಹಸ್ತಪ್ರತಿ ಸಾಕ್ಷಿ. ಪೇಶಾವರದ ಸಮೀಪದ ಬಖ್ಶಾಲಿ ಗ್ರಾಮದಲ್ಲಿ 1881ರಲ್ಲಿ ದೊರೆತ, ಭೂರ್ಜಪತ್ರದ ಮೇಲೆ ಶಾರದಾ ಲಿಪಿಯಲ್ಲಿ ಬರೆದ ಈ ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಅದರ ಕ್ರಮ ಸ್ಪಷ್ಟವಾಗಿದೆ: ಮೊದಲು ಉದಾಹರಣೆ, ಬಳಿಕ ಸಂಖ್ಯೆಗಳ ಸ್ಥಾಪನೆ, ಆಮೇಲೆ ಕರಣ, ಕೊನೆಯಲ್ಲಿ ಪ್ರತ್ಯಯ. ಪ್ರತ್ಯಯವೆಂದರೆ ನಂಬಿಕೆ ಹುಟ್ಟಿಸುವ ಪರೀಕ್ಷೆ. ಉತ್ತರ ಬಂದ ಮಾತ್ರಕ್ಕೆ ಲೆಕ್ಕ ಮುಗಿಯದು, ನಂಬಿಕೆ ಬಂದ ಮೇಲೆ ಮುಗಿಯುತ್ತದೆ ಎಂಬ ಭಾವ ಆ ಹೆಸರಿನಲ್ಲಿಯೇ ಅಡಗಿದೆ.

1150ರಲ್ಲಿ ಎರಡನೆಯ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಭಾಗಾಹಾರವನ್ನು ವಿವರಿಸುವ ರೀತಿ ಇನ್ನೂ ಗಮನಾರ್ಹ. ಭಾಜಕವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಅದು ಭಾಜ್ಯದ ಅಂತ್ಯಸ್ಥಾನದಿಂದ ಕಳೆಯಲ್ಪಡುವುದೋ ಆ ಸಂಖ್ಯೆಯೇ ಫಲ ಎಂಬುದು ಅವನ ನಿರೂಪಣೆಯ ಸಾರ. ಇಲ್ಲಿ ಭಾಗಲಬ್ಧವನ್ನು ಗುರುತಿಸುವುದೇ ಗುಣಾಕಾರದ ಮೂಲಕ. ಭಾಗಿಸುವವನು ಪ್ರತಿ ಹೆಜ್ಜೆಯಲ್ಲಿಯೂ ಗುಣಿಸಿ ನೋಡುತ್ತಾನೆ. ಕೊನೆಯ ತಾಳೆಯು ಆ ಬಿಡಿ ಗುಣಾಕಾರಗಳನ್ನು ಒಟ್ಟುಗೂಡಿಸಿ ಮತ್ತೊಮ್ಮೆ ಮಾಡುವುದಷ್ಟೇ.

ಗಣಿತಸಾರಸಂಗ್ರಹದಲ್ಲಿ ಭಾಗಾಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆ 814ರಿಂದ 878ರವರೆಗಿನದು. ಅವನ ರಾಜಧಾನಿ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ; ತೆಲಂಗಾಣದ ಗಡಿಗೆ ಹತ್ತಿರದ ಊರು. ಕವಿರಾಜಮಾರ್ಗವು ಹೊರಬಂದ ಆ ಕಾಲದಲ್ಲಿಯೇ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥಾರಂಭದಲ್ಲಿ ಅಮೋಘವರ್ಷನ ಸ್ತುತಿಯಿದೆ. ಖಗೋಳದ ಅಂಗವಾಗಿ ಅಲ್ಲದೆ ಗಣಿತವನ್ನೇ ಸ್ವತಂತ್ರ ವಿಷಯವನ್ನಾಗಿ ಎತ್ತಿಕೊಂಡ ಹಿರಿಯ ಗ್ರಂಥಗಳಲ್ಲಿ ಅದೊಂದು.

ಮಹಾವೀರನು ಎಂಟು ಪರಿಕರ್ಮಗಳನ್ನು ಹೇಳುತ್ತಾನೆ: ಗುಣಾಕಾರ, ಭಾಗಾಹಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಈ ಎಂಟನ್ನು ನಾಲ್ಕು ಜೋಡಿಗಳಾಗಿ ಓದಬಹುದು. ಪ್ರತಿ ಜೋಡಿಯಲ್ಲಿ ಮೊದಲನೆಯದು ಕಟ್ಟಿದ್ದನ್ನು ಎರಡನೆಯದು ಬಿಚ್ಚುತ್ತದೆ. ಮೊದಲ ಜೋಡಿಯೇ ಗುಣಾಕಾರ ಮತ್ತು ಭಾಗಾಹಾರ. ಭಾಗಾಹಾರದ ಕ್ರಮವನ್ನು ಹೇಳುವಾಗ ಅವನು ಭಾಜ್ಯದ ಕೆಳಗೆ ಭಾಜಕವನ್ನಿಟ್ಟು ಪ್ರತಿಲೋಮ ಮಾರ್ಗದಲ್ಲಿ ಭಾಗಿಸಬೇಕೆಂದೂ, ಎರಡಕ್ಕೂ ಸಮಾನವಾದ ಅಪವರ್ತನವಿದ್ದರೆ ಅದನ್ನು ತೆಗೆದುಹಾಕಬೇಕೆಂದೂ ವಿಧಿಸುತ್ತಾನೆ.

ಈ ಅಪವರ್ತನ ವಿಧಿ ಕೆಲಸವನ್ನು ಹಗುರಗೊಳಿಸುತ್ತದೆ, ಆದರೆ ತಾಳೆಯಲ್ಲಿ ಒಂದು ಎಚ್ಚರವನ್ನು ಬೇಡುತ್ತದೆ. 100ನ್ನು 14ರಿಂದ ಭಾಗಿಸಬೇಕಾಗಿದೆ ಎನ್ನೋಣ. ಎರಡನ್ನೂ 2ರಿಂದ ಅಪವರ್ತಿಸಿದರೆ 50 ಮತ್ತು 7 ಉಳಿಯುತ್ತವೆ. ಭಾಗಲಬ್ಧ 7, ಶೇಷ 1. ಈಗ ಮೂಲ ಭಾಜಕವನ್ನೇ ತೆಗೆದುಕೊಂಡು 14 × 7 + 1 ಎಂದು ತಾಳೆ ನೋಡಿದರೆ 99 ಬರುತ್ತದೆ. ಭಾಗಲಬ್ಧ ತಪ್ಪಿಲ್ಲ, ಅಪವರ್ತನದಲ್ಲಿ ಶೇಷವೂ ಅರ್ಧಕ್ಕಿಳಿದಿದೆ. ಅದನ್ನು 2ರಿಂದ ಗುಣಿಸಿ ಮರಳಿಸಿದರೆ 14 × 7 + 2 = 100 ಆಗುತ್ತದೆ. ಭಾಗಲಬ್ಧ ಮಾತ್ರ ಬೇಕಾದವನಿಗೆ ಇದು ಗೋಚರಿಸುವುದೇ ಇಲ್ಲ. ಉಳಿದ ಎರಡು ಹೊನ್ನನ್ನು ಯಾರಿಗೆ ಸಲ್ಲಿಸಬೇಕೆಂದು ಕೇಳುವವನಿಗೆ ಮಾತ್ರ ಗೋಚರಿಸುತ್ತದೆ.

ಗುಣಾಕಾರದ ಉದಾಹರಣೆಗಳಲ್ಲಿ ಮಹಾವೀರನು ಕಂಠಿಕೆ ಅಥವಾ ಹಾರದಂತೆ ಕಾಣುವ ಫಲಗಳನ್ನು ವಿಶೇಷವಾಗಿ ಆರಿಸಿಕೊಂಡಿದ್ದಾನೆ. 139 × 109 = 15151; 152207 × 73 = 11111111; 27994681 × 441 = 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಸಂಖ್ಯೆಗಳನ್ನು ವಿನೋದವೆಂದು ಮಾತ್ರ ನೋಡಬೇಕಾಗಿಲ್ಲ. ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಗುರುವಿಲ್ಲದಿದ್ದರೂ ಉತ್ತರ ಸರಿಯೆಂದು ಹಾರದ ಆಕಾರವೇ ಹೇಳುತ್ತದೆ. ಒಂದು ಮಣಿ ಸ್ಥಾನ ತಪ್ಪಿದರೆ ಹಾರ ಕೆಡುತ್ತದೆ. ಎಲ್ಲೋ ಎಡವಿದ್ದಾಯಿತೆಂದು ತಿಳಿಯುತ್ತದೆ.

ಧೂಳಿನ ಹಲಗೆ ಮತ್ತು ಅಳಿಸಿಹೋಗುವ ಭಾಜ್ಯ

ತಾಳೆ ಅಷ್ಟು ಅಗತ್ಯವಾಗಿದ್ದುದೇಕೆಂದು ತಿಳಿಯಲು ಅಂದಿನ ಬರೆಯುವ ಸಾಧನವನ್ನು ನೆನೆಯಬೇಕು. ಪಾಟೀಗಣಿತವೆಂಬ ಹೆಸರು ಹಲಗೆಯಿಂದ ಬಂದದ್ದು. ಹಲಗೆಯ ಅಥವಾ ನೆಲದ ಮೇಲೆ ಹರಡಿದ ಧೂಳಿನಲ್ಲಿ ಬರೆಯುತ್ತಿದ್ದುದರಿಂದ ಧೂಳೀಕರ್ಮವೆಂಬ ಹೆಸರೂ ಇದೆ. ಸ್ಥಳ ಕಡಿಮೆ, ಅಳಿಸುವುದು ಸುಲಭ. ಆದ್ದರಿಂದ ಲೆಕ್ಕ ಮುಂದುವರಿದಂತೆ ಹಿಂದಿನ ಅಂಕೆಗಳು ಅಳಿಯುತ್ತಿದ್ದವು.

15151ನ್ನು 109ರಿಂದ ಭಾಗಿಸುವುದನ್ನು ಈ ಕ್ರಮದಲ್ಲಿ ಊಹಿಸಬಹುದು. ಎಡಗಡೆಯ 151ರ ಕೆಳಗೆ 109. ಒಂದು ಸಲ ಹೋಗುತ್ತದೆ. 151ನ್ನು ಅಳಿಸಿ 42 ಬರೆದಾಗ ಹಲಗೆಯ ಮೇಲಿರುವುದು 4251. ಭಾಜಕವನ್ನು ಒಂದು ಸ್ಥಾನ ಬಲಕ್ಕೆ ಸರಿಸಿ 425ರಲ್ಲಿ ಮೂರು ಸಲ, ಅಂದರೆ 327, ಕಳೆದರೆ 98 ಉಳಿದು ಹಲಗೆಯಲ್ಲಿ 981 ನಿಲ್ಲುತ್ತದೆ. ಮತ್ತೆ ಸರಿಸಿ ಒಂಬತ್ತು ಸಲ ಕಳೆದರೆ ಏನೂ ಉಳಿಯದು. ಭಾಗಲಬ್ಧವಾದ 139 ಮಾತ್ರ ಉಳಿದಿದೆ. 15151 ಎಂಬ ಭಾಜ್ಯವೂ ಇಲ್ಲ, ನಡುವಿನ 4251, 981ಗಳೂ ಇಲ್ಲ.

ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಸಾಲುಸಾಲಾಗಿ ಮರಳಿ ಓದಿ ತಪ್ಪನ್ನು ಹುಡುಕಬಹುದು. ಧೂಳಿನ ಹಲಗೆಯಲ್ಲಿ ಆ ಸೌಲಭ್ಯವಿಲ್ಲ. ಬಂದ ದಾರಿಯೇ ಅಳಿಸಿಹೋಗಿರುತ್ತದೆ. ಆದ್ದರಿಂದ ಉತ್ತರವನ್ನು ಬೇರೊಂದು ದಾರಿಯಿಂದಲೇ ಪರೀಕ್ಷಿಸಬೇಕು. 139ನ್ನು 109ರಿಂದ ಗುಣಿಸಿದಾಗ ಅಳಿದುಹೋಗಿದ್ದ 15151 ಮತ್ತೆ ಹಲಗೆಯ ಮೇಲೆ ಮೂಡುತ್ತದೆ. ಕಳೆದುಹೋದ ಮೂಲವನ್ನು ಮರಳಿ ಪಡೆಯುವುದೂ ಉತ್ತರವನ್ನು ದೃಢಪಡಿಸುವುದೂ ಇಲ್ಲಿ ಒಂದೇ ಕ್ರಿಯೆ. ಅರಬ್ ಗಣಿತಜ್ಞ ಅಲ್ ಉಕ್ಲಿದಿಸಿ 952ರ ಸುಮಾರಿಗೆ ದಮಾಸ್ಕಸಿನಲ್ಲಿ ಹಿಂದೂ ಗಣಿತದ ಕ್ರಮಗಳನ್ನು ಅಳಿಸದೆ ಕಾಗದ ಮತ್ತು ಮಸಿಗೆ ಹೊಂದಿಸಿ ತೋರಿಸಿದ್ದು ಈ ಕೊರತೆಯನ್ನು ಕಂಡೇ.

ಒಂಬತ್ತರ ತಾಳೆ ಮತ್ತು ಅದರ ಮಿತಿ

ದೊಡ್ಡ ಸಂಖ್ಯೆಗಳನ್ನು ಮತ್ತೆ ಗುಣಿಸುವುದು ಶ್ರಮದ ಕೆಲಸ. ಆದ್ದರಿಂದ ಚಿಕ್ಕ ದಾರಿಯೊಂದು ಬೆಳೆಯಿತು. ಸುಮಾರು ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿ ಅಂಕೆಗಳನ್ನು ಕೂಡಿಸಿ ಒಂದೇ ಅಂಕೆಗೆ ಇಳಿಸಿ ತಾಳೆ ನೋಡುವ ಕ್ರಮವಿದೆ. ಭಾಜಕ ಮತ್ತು ಭಾಗಲಬ್ಧಗಳ ಇಳಿಸಿದ ಅಂಕೆಗಳನ್ನು ಗುಣಿಸಿ, ಶೇಷದ ಅಂಕೆಯನ್ನು ಕೂಡಿಸಿ, ಭಾಜ್ಯದ ಅಂಕೆಯೊಡನೆ ಹೋಲಿಸಬೇಕು. 1356ರಲ್ಲಿ ನಾರಾಯಣ ಪಂಡಿತನು ಗಣಿತಕೌಮುದಿಯಲ್ಲಿ ಒಂಬತ್ತರ ಬದಲು ಯಾವ ಸಂಖ್ಯೆಯನ್ನಾದರೂ ಹೀಗೆ ಬಳಸಬಹುದೆಂದು ತೋರಿಸಿದನು.

ಈ ಚಿಕ್ಕ ದಾರಿಗೂ ಪೂರ್ಣ ಗುಣಾಕಾರಕ್ಕೂ ಇರುವ ಅಂತರವನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. 139 ಎಂದು ಬರೆಯಬೇಕಾದಲ್ಲಿ ಕೈತಪ್ಪಿ 193 ಎಂದು ಬರೆದಿದೆ ಎನ್ನೋಣ. 193ರ ಅಂಕೆಗಳ ಮೊತ್ತ 13, ಅದರಿಂದ 4, 109ರಿಂದ 1, ಗುಣಿಸಿದರೆ 4. 15151ರ ಮೊತ್ತವೂ 13, ಅಂದರೆ 4. ಒಂಬತ್ತರ ತಾಳೆ ಸರಿಯೆಂದು ಒಪ್ಪುತ್ತದೆ. ಆದರೆ 193 × 109 ಎಂದರೆ 21037. ಭಾಜ್ಯಕ್ಕೂ ಅದಕ್ಕೂ ಸುಮಾರು ಆರು ಸಾವಿರದ ಅಂತರ. ಅಂಕೆಗಳು ಸ್ಥಾನಪಲ್ಲಟವಾಗುವುದು ಬರವಣಿಗೆಯಲ್ಲಿ ಸಾಮಾನ್ಯ ತಪ್ಪು. ಒಂಬತ್ತರ ತಾಳೆ ಕಾಣದಿರುವುದೂ ಅದನ್ನೇ. ಅದು ತಪ್ಪನ್ನು ತೋರಿಸಬಲ್ಲದು, ಸರಿಯನ್ನು ಸ್ಥಾಪಿಸಲಾರದು.

ಪೂರ್ಣ ಗುಣಾಕಾರದ ತಾಳೆಗೂ ಒಂದು ನಿಬಂಧನೆಯುಂಟು. 100ನ್ನು 7ರಿಂದ ಭಾಗಿಸಿ ಭಾಗಲಬ್ಧ 13, ಶೇಷ 9 ಎಂದವನ ಲೆಕ್ಕವೂ 7 × 13 + 9 = 100 ಎಂದು ತಾಳೆಯಾಗುತ್ತದೆ. ಶೇಷವು ಭಾಜಕಕ್ಕಿಂತ ಕಡಿಮೆಯಿರಬೇಕೆಂಬ ನಿಬಂಧನೆ ಸೇರಿದಾಗ ಮಾತ್ರ 14 ಮತ್ತು 2 ಎಂಬ ಒಂದೇ ಉತ್ತರ ನಿಲ್ಲುತ್ತದೆ. ತಪ್ಪು ಭಾಜಕವನ್ನೇ ಎತ್ತಿಕೊಂಡು ಹೊರಟವನನ್ನಂತೂ ಯಾವ ತಾಳೆಯೂ ತಡೆಯದು.

ಸೊನ್ನೆಯ ಮುಂದೆ ತಾಳೆ

ತಾಳೆಯ ನಿಜವಾದ ಬಲ ತಿಳಿಯುವುದು ಸೊನ್ನೆಯ ಪ್ರಸಂಗದಲ್ಲಿ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದನು. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ ಸೊನ್ನೆಯನ್ನೇ ಛೇದವಾಗಿ ಉಳಿಸಿದನು. ಮಹಾವೀರನು ಸೊನ್ನೆಯಿಂದ ಗುಣಿಸಿದ ರಾಶಿ ಸೊನ್ನೆಯಾಗುತ್ತದೆಂದೂ, ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆಂದೂ ಹೇಳಿದನು. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಇದ್ದಲ್ಲಿಯೇ ಇರುತ್ತದೆ ಎಂಬ ಲೌಕಿಕ ದೃಷ್ಟಿಯಿಂದ ಈ ಎರಡನೆಯ ಮಾತನ್ನು ಅರ್ಥೈಸಬಹುದು. ಆದರೆ ತಾಳೆಗೆ ಅದು ನಿಲ್ಲುವುದಿಲ್ಲ. 5ನ್ನು ಸೊನ್ನೆಯಿಂದ ಭಾಗಿಸಿದರೆ 5 ಎಂದಾದರೆ, 5 × 0 ಎಂಬುದು 5 ಆಗಬೇಕಿತ್ತು. ಅವನ ಮೊದಲನೆಯ ನಿಯಮದಂತೆಯೇ ಅದು ಸೊನ್ನೆ.

ಭಾಸ್ಕರಾಚಾರ್ಯನು ಅಂತಹ ಫಲಕ್ಕೆ ಖಹರವೆಂದು ಹೆಸರಿಟ್ಟು ಅದನ್ನು ಅನಂತವೆಂದನು. ಮುಂದೆ ಕ್ರಿಯೆಗಳು ಉಳಿದಿದ್ದರೆ ಸೊನ್ನೆಯಿಂದ ಗುಣಿಸಿದ ರಾಶಿಯನ್ನು ಕೂಡಲೇ ಸೊನ್ನೆಯಾಗಿಸದೆ ಹಾಗೆಯೇ ಇಟ್ಟುಕೊಳ್ಳಬೇಕು, ಮತ್ತೆ ಸೊನ್ನೆಯೇ ಭಾಜಕವಾದರೆ ಮೂಲರಾಶಿ ಮರಳುತ್ತದೆ ಎಂದೂ ವಿಧಿಸಿದನು. ಹೋದ ದಾರಿಯಲ್ಲಿ ಮರಳಿ ಬರುವಂತಿರಬೇಕೆಂಬ ವಿಲೋಮದ ಆಶಯವನ್ನು ಉಳಿಸಿಕೊಳ್ಳುವ ಪ್ರಯತ್ನವಿದು. ಇಂದಿನ ಗಣಿತವು ಸೊನ್ನೆಯಿಂದ ಭಾಗಾಹಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಸೊನ್ನೆಯಿಂದ ಗುಣಿಸಿದಾಗ 5 ಬರುವಂತಹ ಸಂಖ್ಯೆ ಇಲ್ಲ ಎಂಬುದೇ ಕಾರಣ. ಗುಣಾಕಾರದ ತಾಳೆ ಸಾಧ್ಯವಿಲ್ಲದ ಕಡೆ ಭಾಗಾಹಾರವೂ ಇಲ್ಲ. ಪರೀಕ್ಷೆಯೆಂದು ತೋರುತ್ತಿದ್ದುದು ಇಲ್ಲಿ ಲಕ್ಷಣವಾಗಿ ನಿಲ್ಲುತ್ತದೆ.

ಗಡಿನಾಡಿನ ನಾಣ್ಯ ಮತ್ತು ತೂಕ

ಶಾಸ್ತ್ರದಲ್ಲಿ ಹೀಗಿದ್ದ ತಾಳೆಯು ವ್ಯವಹಾರದಲ್ಲಿ ಎಷ್ಟು ಅನಿವಾರ್ಯವಾಗಿತ್ತೆಂಬುದನ್ನು ದಶಮಾಂಶ ಪದ್ಧತಿಗೆ ಹಿಂದಿನ ಹಣದ ಲೆಕ್ಕ ತೋರಿಸುತ್ತದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 100 ರೂಪಾಯಿಯನ್ನು ಏಳು ಜನರಿಗೆ ಹಂಚಬೇಕಾದರೆ ತಲಾ 14 ರೂಪಾಯಿ ಕೊಟ್ಟು 2 ರೂಪಾಯಿ ಉಳಿಯುತ್ತದೆ. ಅದನ್ನು 32 ಆಣೆ ಮಾಡಿ ತಲಾ 4 ಆಣೆ ಕೊಟ್ಟರೆ 4 ಆಣೆ ಉಳಿಯುತ್ತದೆ. ಅದನ್ನು 48 ಪೈ ಮಾಡಿ ತಲಾ 6 ಪೈ ಕೊಟ್ಟರೆ 6 ಪೈ ಉಳಿಯುತ್ತದೆ. ತಾಳೆಯು ಇದೇ ಮೆಟ್ಟಿಲುಗಳನ್ನು ಕೆಳಗಿನಿಂದ ಏರುತ್ತದೆ. ಏಳಾರಲೆ 42 ಪೈ, ಉಳಿದ 6 ಸೇರಿ 48, ಅಂದರೆ 4 ಆಣೆ. ಏಳುನಾಲ್ಕಲೆ 28 ಆಣೆ, ಆ 4 ಸೇರಿ 32, ಅಂದರೆ 2 ರೂಪಾಯಿ. ಏಳು ಹದಿನಾಲ್ಕಲೆ 98, ಆ 2 ಸೇರಿ 100. ಇಳಿಯುವಾಗ ಒಡೆದ ಪ್ರತಿ ನಾಣ್ಯವೂ ಏರುವಾಗ ಕೂಡಿಕೊಳ್ಳುತ್ತದೆ.

ಗಡಿ ಪ್ರದೇಶಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತಿತ್ತು. ತುಂಗಭದ್ರೆಯ ದಕ್ಷಿಣಕ್ಕೆ ಆದವಾನಿ ಮದರಾಸು ಆಧಿಪತ್ಯದಲ್ಲಿತ್ತು. ಉತ್ತರಕ್ಕೆ ರಾಯಚೂರು, ಅದರಿಂದಲೂ ಉತ್ತರಕ್ಕೆ ಮಕ್ತಲ್ ಮತ್ತು ನಾರಾಯಣಪೇಟೆಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಒಂದು ದಡದಲ್ಲಿ ಬ್ರಿಟಿಷ್ ಕಲ್ದಾರ ರೂಪಾಯಿ, ಇನ್ನೊಂದು ದಡದಲ್ಲಿ ಸಂಸ್ಥಾನದ ಹಾಲಿ ಸಿಕ್ಕಾ. ನಿಗದಿಯಾಗಿದ್ದ ದರದಂತೆ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಒರಟಾಗಿ ಕಾಣುವ ಈ ದರದ ಒಳಗುಟ್ಟು ಸರಳವಾದದ್ದು: 6 ಕಲ್ದಾರಕ್ಕೆ 7 ಹಾಲಿ. ತಾಳೆ ನೋಡಿದರೆ ಅದು ಹೊರಬೀಳುತ್ತದೆ. 8 ಪೈ ಆರು ಸಲ 48 ಪೈ, ಅಂದರೆ 4 ಆಣೆ. 10 ಆಣೆ ಆರು ಸಲ 60, ಆ 4 ಸೇರಿ 64, ಅಂದರೆ 4 ರೂಪಾಯಿ. 116 ಆರು ಸಲ 696, ಆ 4 ಸೇರಿ 700. ಏಳರಿಂದ ಭಾಗಿಸಿದರೆ 100. ಒಂದು ಪೈ ಸಹ ಶೇಷವಿಲ್ಲ. ಹೊಳೆ ದಾಟಿದ ಹಣ ಸರಿಯಾಗಿ ಬದಲಾಯಿತೇ ಎಂದು ನೋಡಲು ಅದನ್ನು ಲೆಕ್ಕದಲ್ಲಿ ಮತ್ತೆ ಹೊಳೆ ದಾಟಿಸುವುದೇ ಉಪಾಯ.

ತೂಕದಲ್ಲಿಯೂ ಇದೇ ಕಥೆ. ಮದರಾಸಿನ ಮಣ ಮತ್ತು ಮುಂಬಯಿಯ ಮಣ ಎರಡಕ್ಕೂ 40 ಸೇರು. ಆದರೆ ವರ್ತಕರ ಲೆಕ್ಕದಲ್ಲಿ ಮೊದಲನೆಯದು 25 ಪೌಂಡು, ಎರಡನೆಯದು 28 ಪೌಂಡು. ಮದರಾಸಿನ 28 ಮಣವು ಮುಂಬಯಿಯ 25 ಮಣಕ್ಕೆ ಸಮ. ಎರಡೂ 700 ಪೌಂಡು. ಹೆಸರು ಒಂದೇ ಆಗಿ ಅಳತೆ ಬೇರೆಯಾದಾಗ ಭಾಗಿಸಬೇಕಾದಲ್ಲಿ ಗುಣಿಸುವ ಮೋಸ ಸುಲಭ. ಮೂಲದ ಮಣಕ್ಕೆ ಮರಳಿಸಿ ನೋಡಿದಾಗ ಆ ಮೋಸ ಬಯಲಾಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. 1958ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ಆಡಳಿತದ ಗಡಿಗಳು ಗಟ್ಟಿಯಾದ ಆ ವರ್ಷಗಳಲ್ಲಿಯೇ ಲೆಕ್ಕದ ಗಡಿಗಳು ಅಳಿದವು.

ಗ್ರಂಥದ ಪಯಣ ಮತ್ತು ಕಡತಗಳ ಓದು

ಮಹಾವೀರನ ಗ್ರಂಥವೂ ಗಡಿಗಳನ್ನು ದಾಟಿಯೇ ಉಳಿಯಿತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. ಗಣಿತಸಾರಸಂಗ್ರಹವನ್ನು ಅಚ್ಚಿಗೆ ತಂದವರು ಮದರಾಸಿನ ಎಂ. ರಂಗಾಚಾರ್ಯರು, ಇಂಗ್ಲಿಷ್ ಅನುವಾದದೊಡನೆ ಅದು 1912ರಲ್ಲಿ ಪ್ರಕಟವಾಯಿತು. ಅವರು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳಿದ್ದವು. ಮೂಡುಬಿದಿರೆಯ ಪ್ರತಿಯೂ ಸಹಾಯಕ್ಕೆ ಬಂತು. ಆಗ ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯದಲ್ಲಿತ್ತು. ಎಲ್.ಸಿ. ಜೈನ್ ಅವರ ಹಿಂದಿ ಅನುವಾದ 1963ರಲ್ಲಿ ಸೊಲ್ಲಾಪುರದಿಂದ ಹೊರಬಂತು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನೊಳಗೊಂಡ ಆವೃತ್ತಿ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಮಾನ್ಯಖೇಟದ ದೊರೆಯನ್ನು ಸ್ತುತಿಸಿದ ಗಣಿತವು ಕನ್ನಡದ ಅಚ್ಚಿಗೆ ಬರುವ ಮುನ್ನ ಮದರಾಸು, ಸೊಲ್ಲಾಪುರಗಳನ್ನು ಹಾದು ಬಂದಿದೆ.

ಮಹಾವೀರನು ಸಂಖ್ಯೆಗಳನ್ನು ಕಣ್ಣು, ಚಂದ್ರ ಮೊದಲಾದ ಭೂತಸಂಖ್ಯೆಗಳಲ್ಲಿ ಹೇಳುತ್ತಾನೆ. ಪ್ರತಿಕಾರನು ಒಂದು ಪದವನ್ನು ತಪ್ಪಿದರೆ ವ್ಯಾಕರಣವೂ ಛಂದಸ್ಸೂ ಎಷ್ಟೋ ಸಲ ಅದನ್ನು ಹಿಡಿಯಲಾರವು, ಲೆಕ್ಕ ಹಿಡಿಯುತ್ತದೆ. ಗುಣಕ, ಗುಣ್ಯ, ಫಲ ಈ ಮೂರರಲ್ಲಿ ಎರಡು ಸ್ಪಷ್ಟವಾಗಿದ್ದರೆ ಮೂರನೆಯದನ್ನು ಮರಳಿ ಪಡೆಯಬಹುದು. ಗ್ರಂಥಸಂಪಾದನೆಯಲ್ಲಿ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ವಿರಳ.

ಈ ಮಾತು ಗಡಿನಾಡಿನ ಹಳೆಯ ಕಡತಗಳಿಗೂ ಸಲ್ಲುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸೀಮೆಯಲ್ಲಿ ಮೋಡಿ ಲಿಪಿ. ಆದವಾನಿ, ರಾಯದುರ್ಗ, ಮಡಕಶಿರಗಳಲ್ಲಿ ಕನ್ನಡ ಮತ್ತು ತೆಲುಗು. ಹೈದರಾಬಾದ್ ಸೀಮೆಯಲ್ಲಿ ಉರ್ದು. ಅಂಗಡಿಯ ಖಾತೆ, ಮಠದ ಜಮಾಖರ್ಚು, ಗೇಣಿಯ ಪಟ್ಟಿಗಳಲ್ಲಿ ಹುಳು ತಿಂದ ಅಂಕೆಗಳೂ ಮಸಿ ಹರಡಿದ ಸಾಲುಗಳೂ ಸಾಮಾನ್ಯ. ದರ, ತೂಕ, ಮೊತ್ತ ಈ ಮೂರರಲ್ಲಿ ಒಂದು ಅಳಿದಿದ್ದರೆ ಉಳಿದೆರಡರಿಂದ ಅದನ್ನು ತುಂಬಬಹುದು. ಮೂರೂ ಉಳಿದಿದ್ದರೆ ಅವು ತಾಳೆಯಾಗುವಂತೆ ಯಾವ ಮಣ, ಯಾವ ರೂಪಾಯಿ ಬಳಕೆಯಲ್ಲಿತ್ತೆಂಬುದನ್ನೇ ಕಂಡುಕೊಳ್ಳಬಹುದು. 40 ಸೇರಿನ ಮಣ 25 ಪೌಂಡಿನದೋ 28ರದೋ ಎಂಬುದು ಕಡತದಲ್ಲಿ ಬರೆದಿರುವುದಿಲ್ಲ. ಬರೆದವನಿಗೆ ಅದನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಆ ಊರಿನ ವ್ಯಾಪಾರ ಯಾವ ಪೇಟೆಯ ಕಡೆಗೆ ಮುಖಮಾಡಿತ್ತೆಂಬ ಇತಿಹಾಸ ಆ ಅಂತರದಲ್ಲಿ ಅಡಗಿರುತ್ತದೆ. ಇಂತಹ ಕಡತಗಳು ಹಳೆಯ ಮನೆಗಳ ಅಟ್ಟಗಳಲ್ಲಿ ನಶಿಸುತ್ತಿವೆ. ಆಣೆ, ಪೈ, ಮಣ, ಸೇರುಗಳ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ತಲೆಮಾರೂ ಕೊನೆಯಾಗುತ್ತಿದೆ. ಅವುಗಳನ್ನು ಓದುವವನು ಲಿಪಿಯ ಜೊತೆಗೆ ಮಗ್ಗಿಯನ್ನೂ ಬಲ್ಲವನಾಗಿರಬೇಕು.